ಹೊರೆ ತಾಳದೆ ನಿಲ್ಲುವ ಜನರೇಟರ್: ಕಾರಣ ಶೋಧನೆ ಮತ್ತು ಲೆಕ್ಕಾಚಾರ

ವಿದ್ಯುತ್ ಪೂರೈಕೆ ಸ್ಥಗಿತಗೊಂಡಾಗಲೂ ಕಾರ್ಖಾನೆಯ ಕೆಲಸ ನಿಲ್ಲಬಾರದೆಂಬ ಉದ್ದೇಶದಿಂದ ಸಣ್ಣ ಉದ್ದಿಮೆದಾರರು ಹಲವು ಲಕ್ಷ ರೂಪಾಯಿಗಳನ್ನು ವಿನಿಯೋಗಿಸಿ ಡೀಸೆಲ್ ಜನರೇಟರನ್ನು ಸ್ಥಾಪಿಸಿಕೊಂಡಿರುತ್ತಾರೆ. ವರ್ಷದಲ್ಲಿ ಕೆಲವೇ ನೂರು ಗಂಟೆಗಳಷ್ಟು ಕೆಲಸ ಮಾಡುವ ಈ ಯಂತ್ರದ ಕಡೆಗೆ ಉಳಿದ ದಿನಗಳಲ್ಲಿ ಯಾರ ಗಮನವೂ ಹೋಗುವುದಿಲ್ಲ. ಪರಿಣಾಮವಾಗಿ, ಗಡುವಿನ ಕೆಲಸ ಕೈಯಲ್ಲಿರುವ ದಿನ ವಿದ್ಯುತ್ ಹೋಗಿ, ಜನರೇಟರ್ ಚಾಲನೆಗೊಂಡು, ಅರ್ಧ ಗಂಟೆಯೊಳಗೆ ಅದೂ ನಿಂತಾಗ ಮಾಲೀಕರು ದಿಕ್ಕು ತೋಚದಂತಾಗುತ್ತಾರೆ. ‘ಓವರ್‌ಲೋಡ್ ಆಗಿದೆ’ ಎಂಬ ಒಂದು ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಅಲ್ಲಿಂದ ಮುಂದಕ್ಕೆ ಸಾಮಾನ್ಯವಾಗಿ ಎರಡೇ ದಾರಿಗಳು ಗೋಚರಿಸುತ್ತವೆ: ವಿತರಕರಿಂದ ಇದರ ಎರಡರಷ್ಟು ಸಾಮರ್ಥ್ಯದ ಜನರೇಟರಿಗೆ ದರಪಟ್ಟಿ ತರಿಸುವುದು, ಇಲ್ಲವೇ ಬ್ರೇಕರಿನ ಮಿತಿಯನ್ನು ಏರಿಸಿ ಹೇಗೋ ದಿನ ದೂಡುವುದು. ಮೊದಲನೆಯದು ಬಹಳಷ್ಟು ಸಂದರ್ಭಗಳಲ್ಲಿ ಅನವಶ್ಯಕ ವೆಚ್ಚ, ಎರಡನೆಯದು ಅಪಾಯ. ಇವೆರಡಕ್ಕೂ ಮೊದಲು ಒಂದು ಟಾಂಗ್ ಟೆಸ್ಟರ್, ಒಂದು ಕಾಗದ ಮತ್ತು ಅರ್ಧ ದಿನದ ತಾಳ್ಮೆಯಿಂದ ನಿಜವಾದ ಕಾರಣವನ್ನು ಕಂಡುಹಿಡಿಯಲು ಸಾಧ್ಯವಿದೆ.

ನಿಂತದ್ದು ಯಾವುದು?

ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ ಇದು. ಇಂಜಿನ್ ಓಡುತ್ತಲೇ ಇದ್ದು ಬ್ರೇಕರ್ ಮಾತ್ರ ಬಿದ್ದಿದೆಯೇ, ಅಥವಾ ಇಂಜಿನ್ನೇ ನಿಂತಿದೆಯೇ? ಇಂಜಿನ್ ನಿಂತಿದ್ದರೆ ಅದು ಏದುಸಿರು ಬಿಟ್ಟು, ಕಪ್ಪು ಹೊಗೆ ಉಗುಳಿ, ವೇಗ ಕುಸಿದು ನಿಂತಿತೇ, ಇಲ್ಲವೇ ಯಾವ ಸೂಚನೆಯನ್ನೂ ಕೊಡದೆ ಗಕ್ಕನೆ ನಿಂತಿತೇ? ಈ ಮೂರು ಬೇರೆ ಬೇರೆ ರೋಗಗಳ ಲಕ್ಷಣಗಳಾಗಿದ್ದು, ಎಲ್ಲವನ್ನೂ ‘ಓವರ್‌ಲೋಡ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಹಣ ಪೋಲಾಗುತ್ತದೆ.

ಇಂಜಿನ್ ಓಡುತ್ತಿದ್ದು ಬ್ರೇಕರ್ ಬಿದ್ದಿದ್ದರೆ ದೋಷವು ವಿದ್ಯುತ್ ಪ್ರವಾಹಕ್ಕೆ, ಅಂದರೆ ಆಂಪಿಯರಿಗೆ ಸಂಬಂಧಿಸಿದ್ದು. ಇಂಜಿನ್ನಿನ ವೇಗ ಕುಸಿದು ನಿಂತಿದ್ದರೆ ಅದು ಕಿಲೋವ್ಯಾಟಿಗೆ, ಅಂದರೆ ಇಂಜಿನ್ನಿನ ತ್ರಾಣಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಬಳಕೆಯಲ್ಲಿರುವ ನಾಲ್ಕು ಧ್ರುವಗಳ ಆಲ್ಟರ್ನೇಟರ್ 50 ಹರ್ಟ್ಜ್ ಕೊಡಬೇಕಾದರೆ ನಿಮಿಷಕ್ಕೆ 1,500 ಸುತ್ತು ತಿರುಗಬೇಕು. ಹೊರೆ ಹೇರಿದಾಗ ಫ್ರೀಕ್ವೆನ್ಸಿ ಮೀಟರಿನ ಮುಳ್ಳು 50ರಿಂದ ಇಳಿದು ಮತ್ತೆ ಮೇಲೇಳದಿದ್ದರೆ ಇಂಜಿನ್ ಸೋಲುತ್ತಿದೆಯೆಂದು ತಿಳಿಯಬೇಕು. ಗಕ್ಕನೆ ನಿಂತಿದ್ದರೆ ಬಹುಮಟ್ಟಿಗೆ ಅದು ನಿಯಂತ್ರಣ ಫಲಕದ ಆದೇಶ. ಎಣ್ಣೆಯ ಒತ್ತಡ ಕಡಿಮೆಯಾಗಿರಬಹುದು, ನೀರಿನ ಉಷ್ಣತೆ ಏರಿರಬಹುದು, ಅಥವಾ ಇಂಧನ ಮುಗಿದಿರಬಹುದು. ಫಲಕದಲ್ಲಿ ಮೂಡುವ ಎಚ್ಚರಿಕೆಯ ಸೂಚನೆಯನ್ನು ಬರೆದಿಟ್ಟುಕೊಳ್ಳದೆ ರೀಸೆಟ್ ಗುಂಡಿಯನ್ನು ಒತ್ತಿಬಿಡುವುದು ನಮ್ಮ ಘಟಕಗಳಲ್ಲಿ ಸಾಮಾನ್ಯವಾಗಿದೆ. ರೋಗಿಯನ್ನು ನೋಡುವ ಮೊದಲೇ ಚೀಟಿ ಹರಿದು ಹಾಕಿದಂತೆ ಇದು.

ನಾಮಫಲಕದ ಎರಡು ಅಂಕಿಗಳು

ಜನರೇಟರಿನ ನಾಮಫಲಕದಲ್ಲಿ ಕೆವಿಎ ಮತ್ತು ಕಿಲೋವ್ಯಾಟ್ ಎಂಬ ಎರಡು ಅಂಕಿಗಳಿರುತ್ತವೆ. ಕೆವಿಎ ಎಂಬುದು ಆಲ್ಟರ್ನೇಟರಿನ ಮಿತಿ. ಕಿಲೋವ್ಯಾಟ್ ಎಂಬುದು ಇಂಜಿನ್ನಿನ ಮಿತಿ. ಸಾಮಾನ್ಯವಾಗಿ ಪವರ್ ಫ್ಯಾಕ್ಟರ್ 0.8 ಎಂದು ಇಟ್ಟುಕೊಂಡು ಇವನ್ನು ಹೊಂದಿಸಿರುತ್ತಾರೆ. ಆದ್ದರಿಂದ 62.5 ಕೆವಿಎ ಜನರೇಟರ್ 50 ಕಿಲೋವ್ಯಾಟಿನದು. ಮೂರು ಫೇಸಿನ 415 ವೋಲ್ಟ್ ಜನರೇಟರಿನ ಪೂರ್ಣ ಹೊರೆಯ ಪ್ರವಾಹವನ್ನು ತಿಳಿಯಲು ಕೆವಿಎ ಅಂಕಿಯನ್ನು 1.39ರಿಂದ ಗುಣಿಸಿದರೆ ಸಾಕು. ಅದರಂತೆ 25 ಕೆವಿಎಗೆ ಸುಮಾರು 35 ಆಂಪಿಯರ್, 62.5 ಕೆವಿಎಗೆ 87, 125 ಕೆವಿಎಗೆ 174. ಈ ಆಂಪಿಯರ್ ಪ್ರತಿಯೊಂದು ಫೇಸಿಗೂ ಅನ್ವಯಿಸುವ ಮಿತಿಯೆಂಬುದನ್ನು ಗಮನದಲ್ಲಿಡಬೇಕು. ಮೂರನ್ನೂ ಕೂಡಿಸಿ ಸರಾಸರಿ ತೆಗೆದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಲೆ, ಹೀಟರ್ ಮುಂತಾದ ಹೊರೆಗಳ ಪವರ್ ಫ್ಯಾಕ್ಟರ್ ಒಂದಕ್ಕೆ ಸಮೀಪವಾಗಿರುತ್ತದೆ. ಅಂತಹ ಹೊರೆಯನ್ನೇ 62.5 ಕೆವಿಎ ಜನರೇಟರಿನ ಮೇಲೆ ಹೇರಿದರೆ ಆಮ್ಮೀಟರ್ 70 ಆಂಪಿಯರ್ ತೋರಿಸುವಾಗಲೇ 50 ಕಿಲೋವ್ಯಾಟ್ ತುಂಬಿ ಇಂಜಿನ್ ತನ್ನ ಮಿತಿಯನ್ನು ಮುಟ್ಟಿರುತ್ತದೆ. ‘ಇನ್ನೂ 17 ಆಂಪಿಯರ್ ಉಳಿದಿದೆಯಲ್ಲ’ ಎಂದು ಮತ್ತೊಂದು ಯಂತ್ರವನ್ನು ಸೇರಿಸಿದರೆ ಬ್ರೇಕರ್ ಬೀಳುವುದಿಲ್ಲ, ಇಂಜಿನ್ ಕುಸಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಅರ್ಧ ಹೊರೆಯಲ್ಲಿ ತಿರುಗುವ ಹಳೆಯ ಮೋಟಾರುಗಳೇ ತುಂಬಿರುವ ಘಟಕದಲ್ಲಿ ಪವರ್ ಫ್ಯಾಕ್ಟರ್ 0.6ಕ್ಕೆ ಇಳಿದಿದ್ದು, ಇಂಜಿನ್ ಆರಾಮವಾಗಿರುವಾಗಲೇ ಆಂಪಿಯರ್ ಮಿತಿ ಮೀರಿ ಬ್ರೇಕರ್ ಬೀಳುತ್ತದೆ. ಒಂದೇ ಯಂತ್ರ, ಎರಡು ಬೇರೆ ಸೋಲುಗಳು.

ಪವರ್ ಫ್ಯಾಕ್ಟರ್ ಸುಧಾರಿಸಲು ವಿದ್ಯುತ್ ಕಂಪನಿಯ ಪೂರೈಕೆಗೆ ಜೋಡಿಸಿರುವ ಕೆಪಾಸಿಟರುಗಳನ್ನು ಹಾಗೆಯೇ ಜನರೇಟರಿನ ಮೇಲೂ ಬಿಟ್ಟಿರುವ ಘಟಕಗಳು ಬಹಳ. ಹೊರೆ ಕಡಿಮೆಯಿರುವಾಗ ಈ ಕೆಪಾಸಿಟರುಗಳಿಂದ ವೋಲ್ಟೇಜ್ ಹಿಡಿತ ತಪ್ಪಿ ಮೇಲೇರಬಹುದು. ಜನರೇಟರ್ ಓಡುವಾಗ ಅವು ತಾವಾಗಿ ಕಳಚಿಕೊಳ್ಳುವಂತೆ ಅಥವಾ ಹೊರೆಗೆ ತಕ್ಕಷ್ಟೇ ಸೇರಿಕೊಳ್ಳುವಂತೆ ವ್ಯವಸ್ಥೆ ಇರಬೇಕು.

ಒಂದು ಘಟಕದ ಲೆಕ್ಕ

ಈ ವಿಷಯವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ ಅಥವಾ ಬೆಂಗಳೂರಿನ ಪೀಣ್ಯದಂತಹ ಪ್ರದೇಶದಲ್ಲಿ ಕಾಣಸಿಗುವಂತಹ, ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದನ್ನು ಕಲ್ಪಿಸಿಕೊಳ್ಳಬೇಕು. ಎಂಟು ಮಂದಿ ಕೆಲಸಗಾರರು, ಮೂರು ಸಿ.ಎನ್.ಸಿ. ಯಂತ್ರಗಳು, 20 ಅಶ್ವಶಕ್ತಿಯ ಏರ್ ಕಂಪ್ರೆಸರ್, ಒಂದು ಒಣಗಿಸುವ ಒಲೆ, ಕಚೇರಿಯಲ್ಲಿ ಎರಡು ಎ.ಸಿ. ಜನರೇಟರ್ 62.5 ಕೆವಿಎ, ಅದರ ಬ್ರೇಕರ್ 100 ಆಂಪಿಯರಿನದಾಗಿದ್ದು ಮಿತಿಯನ್ನು 0.8ಕ್ಕೆ, ಅಂದರೆ 80 ಆಂಪಿಯರಿಗೆ ಹೊಂದಿಸಿದೆ. ಜನರೇಟರನ್ನು ಕೊಂಡಾಗ ಎರಡೇ ಸಿ.ಎನ್.ಸಿ. ಯಂತ್ರಗಳಿದ್ದವು, ಎ.ಸಿ. ಇರಲಿಲ್ಲ. ಮೂರನೆಯ ಯಂತ್ರವನ್ನು ತಂದಾಗ ವಿದ್ಯುತ್ ಕಂಪನಿಯಿಂದ ಹೆಚ್ಚುವರಿ ಹೊರೆ ಮಂಜೂರು ಮಾಡಿಸಿಕೊಂಡರು, ಬ್ಯಾಂಕಿನಲ್ಲಿ ಸಾಲದ ಕಾಗದಪತ್ರಗಳನ್ನು ಮುಗಿಸಿದರು. ಜನರೇಟರಿನ ಪ್ರಸ್ತಾಪವೇ ಬರಲಿಲ್ಲ. ಬೇಸಿಗೆಯಲ್ಲಿ ವಿದ್ಯುತ್ ಕಡಿತವಾದಾಗ ಜನರೇಟರ್ 25-30 ನಿಮಿಷ ಓಡಿ ಬ್ರೇಕರ್ ಬೀಳತೊಡಗಿತು.

ಎಲೆಕ್ಟ್ರಿಷಿಯನ್ನನ ಸಲಹೆ ಸರಳವಾಗಿತ್ತು: ‘ಸಾಹುಕಾರರೇ, ಈ ಸ್ಕ್ರೂ ಒಂದಿಷ್ಟು ತಿರುವಿಬಿಟ್ಟರೆ ಆಯಿತು, ಇನ್ನು ಬೀಳುವುದಿಲ್ಲ.’ ವಿತರಕರ ಸಲಹೆಯೂ ಸರಳವೇ: 125 ಕೆವಿಎ.

ಟಾಂಗ್ ಟೆಸ್ಟರಿನಿಂದ ಮೂರು ಫೇಸುಗಳನ್ನು ಬೇರೆ ಬೇರೆಯಾಗಿ ಅಳೆದಾಗ ಚಿತ್ರ ಬದಲಾಗುತ್ತದೆ. ಆರ್ ಫೇಸಿನಲ್ಲಿ 104 ಆಂಪಿಯರ್, ವೈ ಫೇಸಿನಲ್ಲಿ 58, ಬಿ ಫೇಸಿನಲ್ಲಿ 54. ಮೂರೂ ಸೇರಿ 216. ಇದನ್ನು 240 ವೋಲ್ಟಿನಿಂದ ಗುಣಿಸಿದರೆ ಸುಮಾರು 52 ಕೆವಿಎ. ಅಂದರೆ ಜನರೇಟರಿನ ಸಾಮರ್ಥ್ಯದ ಶೇಕಡಾ 83ರಷ್ಟು ಮಾತ್ರ. ಒಟ್ಟು ಹೊರೆ ಮಿತಿಯೊಳಗಿದ್ದರೂ ಒಂದು ಫೇಸು ಬ್ರೇಕರಿನ ಮಿತಿಗಿಂತ ಶೇಕಡಾ 30ರಷ್ಟು, ಆಲ್ಟರ್ನೇಟರಿನ ಮಿತಿಗಿಂತ ಶೇಕಡಾ 20ರಷ್ಟು ಹೆಚ್ಚು ಹೊತ್ತಿದೆ. ಬ್ರೇಕರಿನೊಳಗಿನ ಉಷ್ಣ ಸುರಕ್ಷಾ ಭಾಗವು ಇಷ್ಟು ಹೆಚ್ಚಳಕ್ಕೆ ಕೂಡಲೇ ಬೀಳುವುದಿಲ್ಲ. ನಿಧಾನವಾಗಿ ಕಾದು, ಕೆಲವು ನಿಮಿಷಗಳಿಂದ ಹಿಡಿದು ಗಂಟೆಯವರೆಗೂ ಸಮಯ ತೆಗೆದುಕೊಂಡು ಬೀಳುತ್ತದೆ. ಅರ್ಧ ಗಂಟೆಯ ರಹಸ್ಯ ಇದೇ. ಮೂರರಲ್ಲಿ ಒಂದು ಫೇಸು ಮಿತಿ ಮೀರಿದರೂ ಬ್ರೇಕರ್ ಮೂರನ್ನೂ ಕಡಿಯುತ್ತದೆ.

ಆರ್ ಫೇಸಿನ ಮೇಲೆ ಏನೇನಿದೆ ಎಂದು ಹುಡುಕಿದರೆ, ವರ್ಷಗಳಿಂದ ಒಂದೊಂದಾಗಿ ಸೇರಿಸಿದ ಏಕಫೇಸ್ ಹೊರೆಗಳೆಲ್ಲ ಅಲ್ಲೇ ಸೇರಿಕೊಂಡಿವೆ: ಎ.ಸಿ.ಗಳು 16 ಆಂಪಿಯರ್, ಒಲೆ 14, ದೀಪಗಳು ಮತ್ತು ಯು.ಪಿ.ಎಸ್. 16. ಹೊಸ ವೈರಿಂಗ್ ಮಾಡಿದವನಿಗೆ ಯಾವ ಫೇಸಿನ ತುದಿ ಕೈಗೆ ಹತ್ತಿರವಿತ್ತೋ ಅದಕ್ಕೆ ಜೋಡಿಸಿದ್ದಾನೆ. ಎ.ಸಿ.ಗಳನ್ನು ವೈ ಫೇಸಿಗೂ ಒಲೆಯನ್ನು ಬಿ ಫೇಸಿಗೂ ವರ್ಗಾಯಿಸಿದರೆ ಅಂಕಿಗಳು 74, 74 ಮತ್ತು 68 ಆಗುತ್ತವೆ. ಮೂರೂ 80ರ ಒಳಗೆ. ಒಂದು ಯೂನಿಟ್ ಹೊರೆಯನ್ನೂ ಕಡಿಮೆ ಮಾಡಿಲ್ಲ, ಒಂದು ಯಂತ್ರವನ್ನೂ ನಿಲ್ಲಿಸಿಲ್ಲ. ಖರ್ಚು ಒಂದು ದಿನದ ಎಲೆಕ್ಟ್ರಿಷಿಯನ್ ಕೂಲಿ ಮತ್ತು ಕೆಲವು ಮೀಟರ್ ಕೇಬಲ್. ಪವರ್ ಫ್ಯಾಕ್ಟರ್ 0.85 ಎಂದು ಹಿಡಿದರೆ ಇಂಜಿನ್ನಿನ ಮೇಲಿನ ಹೊರೆ 44 ಕಿಲೋವ್ಯಾಟ್, ಅದೂ ಮಿತಿಯೊಳಗೇ ಇದೆ.

ಆದರೆ ಇದು ಗರಿಷ್ಠ ಕ್ಷಣದ ಅಂಕಿ. ಪ್ರೈಮ್ ದರ್ಜೆಯ ಜನರೇಟರಿನ ಸರಾಸರಿ ಹೊರೆ 24 ಗಂಟೆಗಳ ಅವಧಿಯಲ್ಲಿ ಶೇಕಡಾ 70ನ್ನು ಮೀರಬಾರದೆಂದು ಅಂತಾರಾಷ್ಟ್ರೀಯ ಮಾನದಂಡವಾದ ಐ.ಎಸ್.ಒ. 8528 ಸೂಚಿಸುತ್ತದೆ. ಕೇವಲ ತುರ್ತು ಸ್ಟ್ಯಾಂಡ್‌ಬೈ ದರ್ಜೆಯೆಂದು ನಮೂದಿಸಿರುವ ಯಂತ್ರಕ್ಕೆ ಆ ಅಂಕಿಯ ಮೇಲೆ ಒಂದಿಷ್ಟೂ ಹೆಚ್ಚಿನ ಹೊರೆ ಹೇರುವ ಅವಕಾಶವಿಲ್ಲ. ನಾಮಫಲಕದಲ್ಲಿ ಯಾವ ದರ್ಜೆಯ ಅಂಕಿ ಬರೆದಿದೆಯೆಂದು ಕೊಳ್ಳುವಾಗಲೇ ಓದುವವರು ಕಡಿಮೆ.

ಆರಂಭದ ಪೆಟ್ಟು

ಮೇಲಿನ ಘಟಕದಲ್ಲಿ ಎರಡನೆಯ ತೊಂದರೆಯೊಂದು ಉಳಿದೇ ಇದೆ. ಬ್ರೇಕರ್ ಬಿದ್ದ ಮೇಲೆ ಗಡಿಬಿಡಿಯಿಂದ ಎಲ್ಲವನ್ನೂ ಚಾಲೂ ಮಾಡಿ ಕೊನೆಗೆ ಕಂಪ್ರೆಸರ್ ಹಾಕಿದಾಗ ದೀಪಗಳು ಮಂಕಾಗಿ, ಸಿ.ಎನ್.ಸಿ. ಯಂತ್ರಗಳು ಎಚ್ಚರಿಕೆ ತೋರಿಸಿ ನಿಲ್ಲುತ್ತವೆ. 20 ಅಶ್ವಶಕ್ತಿಯ ಮೋಟಾರ್ ಪೂರ್ಣ ಹೊರೆಯಲ್ಲಿ ಸುಮಾರು 28 ಆಂಪಿಯರ್ ತೆಗೆದುಕೊಳ್ಳುತ್ತದೆ. ನೇರವಾಗಿ ಚಾಲೂ ಮಾಡಿದರೆ ಮೊದಲ ಕೆಲವು ಸೆಕೆಂಡು ಅದರ ಆರು ಪಟ್ಟು, ಅಂದರೆ 165-170 ಆಂಪಿಯರ್ ಬೇಡುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಈ ಬೇಡಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ. ವಿದ್ಯುತ್ ಕಂಪನಿಯ ದೊಡ್ಡ ಜಾಲಕ್ಕೆ ಈ ಪೆಟ್ಟು ಲೆಕ್ಕಕ್ಕಿಲ್ಲ. 87 ಆಂಪಿಯರಿನ ಜನರೇಟರಿಗೆ ಅದು ಎದೆಗೆ ಗುದ್ದಿದಂತೆ. ವೋಲ್ಟೇಜ್ ತೀರ ಕುಸಿದಾಗ ಇತರ ಯಂತ್ರಗಳ ಕಂಟ್ಯಾಕ್ಟರುಗಳು ಹಿಡಿತ ಬಿಡುತ್ತವೆ.

ಸ್ಟಾರ್-ಡೆಲ್ಟಾ ಇದೆಯಲ್ಲ ಎಂದು ನಿಶ್ಚಿಂತರಾಗಿರುವವರೂ ಟೈಮರನ್ನು ಒಮ್ಮೆ ನೋಡಬೇಕು. ಮೋಟಾರ್ ವೇಗ ಪಡೆಯುವ ಮೊದಲೇ ಟೈಮರ್ ಡೆಲ್ಟಾಕ್ಕೆ ಬದಲಾಯಿಸಿದರೆ ಆ ಕ್ಷಣದ ಪ್ರವಾಹ ನೇರ ಚಾಲನೆಯಷ್ಟೇ ಆಗುತ್ತದೆ. ಸ್ಟಾರ್ಟರ್ ಇದ್ದೂ ಇಲ್ಲದಂತೆ. ಕಂಪ್ರೆಸರಿನಲ್ಲಿ ಮತ್ತೊಂದು ಅಂಶವಿದೆ. ನಿಂತಾಗ ಒತ್ತಡವನ್ನು ಹೊರಬಿಡಬೇಕಾದ ಅನ್‌ಲೋಡರ್ ವಾಲ್ವ್ ಕೆಟ್ಟಿದ್ದರೆ ಮೋಟಾರ್ ತುಂಬಿದ ಒತ್ತಡದ ವಿರುದ್ಧ ಏಳಬೇಕಾಗುತ್ತದೆ. ಇಂತಹ ಕಡೆ ಕೆಲವು ನೂರು ರೂಪಾಯಿಯ ದುರಸ್ತಿಯಿಂದ ಜನರೇಟರಿನ ‘ಓವರ್‌ಲೋಡ್’ ಮಾಯವಾಗುತ್ತದೆ.

ಪರಿಹಾರದಲ್ಲಿ ಮೊದಲನೆಯದು ಕ್ರಮ. ಜನರೇಟರ್ ಚಾಲನೆಗೊಂಡ ಮೇಲೆ ಐದು ನಿಮಿಷ ಹೊರೆಯಿಲ್ಲದೆ ಓಡಲಿ. ಅನಂತರ ಅತಿ ದೊಡ್ಡ ಮೋಟಾರ್ ಮೊದಲು, ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಮುಂದಿನದು, ಕೊನೆಗೆ ಎ.ಸಿ. ಮತ್ತು ಒಲೆ. ವಿದ್ಯುತ್ ಹೋದ ಕೂಡಲೇ ಮೋಟಾರುಗಳ ಸ್ಟಾರ್ಟರುಗಳು ತಾವಾಗಿ ಬಿಡುಗಡೆಯಾಗುತ್ತವೆ. ಆದರೆ ಸಾದಾ ಸ್ವಿಚ್ಚಿನ ಮೇಲಿರುವ ಎ.ಸಿ., ದೀಪ, ಒಲೆ ಇವೆಲ್ಲ ಚಾಲೂ ಸ್ಥಿತಿಯಲ್ಲೇ ಉಳಿದು ಜನರೇಟರಿನ ಮೇಲೆ ಒಟ್ಟಿಗೆ ಎರಗುತ್ತವೆ. ತಾನಾಗಿ ಬದಲಾಯಿಸುವ ಫಲಕವಿದ್ದಲ್ಲಿ ಹೊರೆಯನ್ನು ಎರಡು ಮೂರು ಹಂತಗಳಲ್ಲಿ ಸೇರಿಸುವ ಟೈಮರುಗಳನ್ನು ಜೋಡಿಸಬಹುದು. ಈ ಕ್ರಮವನ್ನು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಫಲಕದ ಪಕ್ಕದಲ್ಲಿ ಅಂಟಿಸುವುದು ಉತ್ತಮ. ರಾತ್ರಿ ಪಾಳಿಯಲ್ಲಿ ಮಾಲೀಕರೂ ಇರುವುದಿಲ್ಲ, ಎಲೆಕ್ಟ್ರಿಷಿಯನ್ನನೂ ಇರುವುದಿಲ್ಲ.

ಹೊರೆ ಹೆಚ್ಚಿಲ್ಲದಿದ್ದರೂ ನಿಲ್ಲುವುದುಂಟು

ಮೂರು ಫೇಸುಗಳೂ ಮಿತಿಯೊಳಗಿದ್ದು, ಆರಂಭದ ಕ್ರಮವೂ ಸರಿಯಿದ್ದು ಜನರೇಟರ್ ನಿಲ್ಲುತ್ತಿದ್ದರೆ ಪರೀಕ್ಷೆಯನ್ನು ಬೇರೆ ರೀತಿಯಲ್ಲಿ ಮಾಡಬೇಕು. ಎಲ್ಲ ಫೀಡರುಗಳನ್ನೂ ಕಳಚಿ, ಬ್ರೇಕರನ್ನು ಮರುಹೊಂದಿಸಿ, ಒಂದೊಂದೇ ಫೀಡರನ್ನು ಸೇರಿಸುತ್ತ ಪ್ರತಿ ಹಂತದಲ್ಲೂ ಆಂಪಿಯರ್ ಮತ್ತು ಫ್ರೀಕ್ವೆನ್ಸಿಯನ್ನು ಬರೆದುಕೊಳ್ಳಬೇಕು. ಬಿದ್ದ ಬ್ರೇಕರಿನ ಹಿಡಿ ನಡುವಿನ ಸ್ಥಾನದಲ್ಲಿ ನಿಂತಿರುತ್ತದೆ; ಅದನ್ನು ಮೊದಲು ಪೂರ್ತಿ ಕೆಳಕ್ಕೆ ಒತ್ತಿದ ಹೊರತು ಮೇಲಕ್ಕೆ ನಿಲ್ಲುವುದಿಲ್ಲ. ಇದನ್ನರಿಯದೆ ಬ್ರೇಕರೇ ಕೆಟ್ಟಿದೆಯೆಂದು ಹೊಸದನ್ನು ತಂದವರಿದ್ದಾರೆ. ಬಿದ್ದ ತಕ್ಷಣ ಮತ್ತೆ ಹಾಕುವ ಬದಲು ಅದು ತಣಿಯಲು ಕೆಲವು ನಿಮಿಷ ಕೊಡಬೇಕು.

ಯಾವುದೋ ಒಂದು ಫೀಡರನ್ನು ಸೇರಿಸಿದ ಕ್ಷಣವೇ ಬ್ರೇಕರ್ ಬಿದ್ದರೆ ಅಲ್ಲಿ ಶಾರ್ಟ್ ಸರ್ಕ್ಯೂಟ್ ಇದೆಯೆಂದೇ ಭಾವಿಸಿ, ಮೆಗ್ಗರಿನಿಂದ ಕೇಬಲ್ ಮತ್ತು ಮೋಟಾರನ್ನು ಪರೀಕ್ಷಿಸುವವರೆಗೆ ಮತ್ತೊಮ್ಮೆ ಹಾಕಬಾರದು. ಶೇಕಡಾ 60ರ ಹೊರೆಯಲ್ಲೂ ಸ್ವಲ್ಪ ಹೊತ್ತಿನ ಮೇಲೆ ಬೀಳುತ್ತಿದ್ದರೆ ಬ್ರೇಕರಿನ ತುದಿಗಳಲ್ಲಿ ಲಗ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಜನರೇಟರಿನ ಕಂಪನದಿಂದ ನಟ್ಟುಗಳು ಕಾಲಕ್ರಮದಲ್ಲಿ ಸಡಿಲವಾಗಿ ಆ ಸಂಧಿ ಕಾಯುತ್ತದೆ. ಆ ಕಾವು ಬ್ರೇಕರಿನೊಳಕ್ಕೆ ಹರಿದು ಅದನ್ನು ಸುಳ್ಳಾಗಿ ಬೀಳಿಸುತ್ತದೆ. ಬಣ್ಣ ಬದಲಾದ ಕೇಬಲಿನ ಹೊದಿಕೆ, ಸುಟ್ಟ ವಾಸನೆ ಇದರ ಗುರುತು. ನ್ಯೂಟ್ರಲ್ ಸಂಧಿ ಸಡಿಲವಾದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಏಕಫೇಸ್ ಉಪಕರಣಗಳಿಗೆ ಮಿತಿಮೀರಿದ ವೋಲ್ಟೇಜ್ ತಗುಲಿ ಕಂಪ್ಯೂಟರುಗಳೂ ಯಂತ್ರಗಳ ಕಾರ್ಡುಗಳೂ ಸುಟ್ಟುಹೋಗುತ್ತವೆ. ಈ ಕೆಲಸಗಳನ್ನು ಜನರೇಟರ್ ನಿಲ್ಲಿಸಿ, ಬ್ಯಾಟರಿ ಕಳಚಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಅರ್ಧ ಹೊರೆಗೇ ಇಂಜಿನ್ ಕುಸಿಯುತ್ತಿದ್ದರೆ ವಿದ್ಯುತ್ತಿನ ಕಡೆ ಹುಡುಕುವುದು ವ್ಯರ್ಥ. ಏರ್ ಫಿಲ್ಟರಿನಲ್ಲಿ ಧೂಳು, ಡೀಸೆಲ್ ಫಿಲ್ಟರಿನಲ್ಲಿ ಕಸ ಅಥವಾ ನೀರು, ಇಂಧನ ಕೊಳವೆಯಲ್ಲಿ ಗಾಳಿ, ಸವೆದ ಇಂಜೆಕ್ಟರ್, ಇವು ಸಾಮಾನ್ಯ ಕಾರಣಗಳು. ಫ್ಲೋರ್ ಮಿಲ್, ಹತ್ತಿ, ಸಿಮೆಂಟ್ ಮತ್ತು ಗ್ರಾನೈಟ್ ಘಟಕಗಳಲ್ಲಿ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಬೇಗ ನೋಡಬೇಕಾಗುತ್ತದೆ. ಸ್ಥಳದ ಪ್ರಭಾವವೂ ಇದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿದ್ದು, ಟರ್ಬೋಚಾರ್ಜರ್ ಇಲ್ಲದ ಇಂಜಿನ್ನಿಗೆ ಮಂಗಳೂರಿನಲ್ಲಿರುವಷ್ಟು ತ್ರಾಣ ಇರುವುದಿಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಗಾಳಿಯಾಡದ ಕೋಣೆಯಲ್ಲಿ ಜನರೇಟರನ್ನು ಕೂಡಿಹಾಕಿದ್ದರೆ ಒಳಗಿನ ಉಷ್ಣತೆ ಇನ್ನೂ ಮೇಲೆ. ಎತ್ತರ ಮತ್ತು ಉಷ್ಣತೆಗೆ ಎಷ್ಟು ಸಾಮರ್ಥ್ಯ ಕಳೆಯಬೇಕೆಂಬ ಕೋಷ್ಟಕ ತಯಾರಕರ ಬಳಿ ಇರುತ್ತದೆ, ಕೇಳಿ ಪಡೆಯಬೇಕು.

ಸ್ಕ್ರೂ ತಿರುವುವ ಬೆಲೆ

ಬ್ರೇಕರಿನ ಮಿತಿಯನ್ನು ಏರಿಸುವ ವಿಚಾರಕ್ಕೆ ಮರಳಿದರೆ, ಉದಾಹರಣೆಯ ಘಟಕದಲ್ಲಿ ಅದನ್ನು 100ಕ್ಕೆ ಏರಿಸಿದ್ದರೆ ಬೀಳುವುದು ನಿಲ್ಲುತ್ತಿತ್ತು, ಅಥವಾ ಬಹಳ ತಡವಾಗುತ್ತಿತ್ತು. ಆದರೆ 87 ಆಂಪಿಯರಿಗೆ ವಿನ್ಯಾಸಗೊಂಡ ಸುರುಳಿಯಲ್ಲಿ 104 ಹರಿಯುತ್ತಲೇ ಇರುತ್ತಿತ್ತು. ಸುರುಳಿಯ ನಿರೋಧಕ ಲೇಪ ಒಂದೇ ದಿನ ಸುಡುವುದಿಲ್ಲ. ತಿಂಗಳುಗಟ್ಟಲೆ ಒಣಗಿ, ಬಿರುಕು ಬಿಟ್ಟು, ಒಂದು ದಿನ ಹೊಗೆಯಾಗುತ್ತದೆ. ಆ ಹೊತ್ತಿಗೆ ಸ್ಕ್ರೂ ತಿರುವಿದ್ದು ಯಾರಿಗೂ ನೆನಪಿರುವುದಿಲ್ಲ.

ವಿಮೆಯ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಬೆಂಕಿ ವಿಮಾ ಪಾಲಿಸಿಗಳಲ್ಲಿ, ವಿದ್ಯುತ್ ಯಂತ್ರವೊಂದು ಅತಿಯಾದ ಚಾಲನೆ, ಶಾರ್ಟ್ ಸರ್ಕ್ಯೂಟ್ ಅಥವಾ ಸ್ವಯಂ ಕಾಯುವಿಕೆಯಿಂದ ಹಾಳಾದರೆ ಆ ಯಂತ್ರದ ಮಟ್ಟಿಗೆ ಪರಿಹಾರವಿಲ್ಲವೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಲ್ಲಿಂದ ಬೆಂಕಿ ಹಬ್ಬಿ ಇತರ ಆಸ್ತಿಗೆ ಆದ ಹಾನಿ ಬೇರೆ ಮಾತು. ಜನರೇಟರಿನ ಸ್ವಂತ ಕೆಡುಕಿಗೆ ಯಂತ್ರ ಸ್ಥಗಿತ ವಿಮೆಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಪಡೆದಿದ್ದರೂ ಸುರಕ್ಷಾ ಸಾಧನವನ್ನು ಉದ್ದೇಶಪೂರ್ವಕವಾಗಿ ನಿಷ್ಕ್ರಿಯಗೊಳಿಸಿದ್ದು ಸರ್ವೇಯರ್ ಕಣ್ಣಿಗೆ ಬಿದ್ದರೆ ಪರಿಹಾರ ಕೈಗೆ ಬರುವುದು ಕಷ್ಟ. ಮಾಲೀಕರು ತಮ್ಮ ಪಾಲಿಸಿಯ ಈ ಪುಟವನ್ನು ನವೀಕರಣದ ದಿನಕ್ಕೆ ಕಾಯದೆ ಓದಿಕೊಳ್ಳುವುದು ಒಳ್ಳೆಯದು.

ಲೆಕ್ಕದ ಪುಸ್ತಕದಲ್ಲಿ ಕಾಣದ ನಷ್ಟ

ಜನರೇಟರ್ ನಿಂತಾಗ ಆಗುವ ನಷ್ಟಕ್ಕೆ ಯಾವ ಲೆಡ್ಜರಿನಲ್ಲೂ ಪುಟವಿಲ್ಲ. ಹಾಳಾದ ಬಿಡಿಭಾಗ ‘ಸ್ಕ್ರ್ಯಾಪ್’ ಆಗುತ್ತದೆ, ಮುರಿದ ಇನ್ಸರ್ಟ್ ‘ಉಪಕರಣ ಬಳಕೆ’ಗೆ ಸೇರುತ್ತದೆ, ಸುಮ್ಮನೆ ಕುಳಿತ ಕೂಲಿ ‘ವೇತನ’ದಲ್ಲಿ ಕರಗುತ್ತದೆ, ಡೀಸೆಲ್ ‘ಇಂಧನ’ದಲ್ಲಿ. ಹೀಗೆ ಹಂಚಿಹೋಗುವುದರಿಂದ ವರ್ಷದ ಕೊನೆಯಲ್ಲಿ ಲಾಭಾಂಶ ಇಳಿದದ್ದು ಕಾಣುತ್ತದೆಯೇ ಹೊರತು ಕಾರಣ ಕಾಣುವುದಿಲ್ಲ.

ಉದಾಹರಣೆಯ ಘಟಕದಲ್ಲಿ ಒಂದು ನಿಲುಗಡೆ 25 ನಿಮಿಷದ್ದೆಂದು ಇಟ್ಟುಕೊಳ್ಳಬಹುದು. ಕಟಿಂಗ್ ನಡುವೆ ನಿಂತು ಹಾಳಾದ ಭಾಗಗಳು 1,500 ರೂಪಾಯಿ, ಇನ್ಸರ್ಟುಗಳು 600, ಎಂಟು ಮಂದಿಯ ಕೂಲಿ ಗಂಟೆಗೆ ತಲಾ 90ರಂತೆ 300, ಕೂಲಿಯನ್ನು ಬಿಟ್ಟು ಯಂತ್ರಗಂಟೆಯ ದರ 400ರಂತೆ ಮೂರು ಯಂತ್ರಗಳಿಗೆ 500. ಒಟ್ಟು 2,900. ತಿಂಗಳಿಗೆ ಹತ್ತು ಬಾರಿ ಆದರೆ 29,000. ವರ್ಷಕ್ಕೆ 3,48,000 ರೂಪಾಯಿ. ಅಂಕಿಗಳು ಘಟಕದಿಂದ ಘಟಕಕ್ಕೆ ಬದಲಾಗುತ್ತವೆ. ತಡವಾದ ಸರಬರಾಜಿಗೆ ಗ್ರಾಹಕರು ಕಡಿತ ಮಾಡುವ ಮೊತ್ತವನ್ನು ಇಲ್ಲಿ ಸೇರಿಸಿಲ್ಲ.

ಈಗ ದೊಡ್ಡ ಜನರೇಟರಿನ ಲೆಕ್ಕ. ಬೆಲೆ 10 ಲಕ್ಷ, ಬಡ್ಡಿ ಶೇಕಡಾ 10, ಬಾಳಿಕೆ ಹತ್ತು ವರ್ಷ ಎಂದು ಹಿಡಿದರೆ ವರ್ಷಕ್ಕೆ ಬಡ್ಡಿ ಒಂದು ಲಕ್ಷ, ಸವಕಳಿ ಒಂದು ಲಕ್ಷ. ವರ್ಷದಲ್ಲಿ 300 ಗಂಟೆ ಓಡಿದರೆ ಒಂದು ಹನಿ ಡೀಸೆಲ್ ಸುಡುವ ಮೊದಲೇ ಗಂಟೆಗೆ 667 ರೂಪಾಯಿ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದೂ ಒಳ್ಳೆಯ ಹೊರೆಯಲ್ಲಿ ಲೀಟರಿಗೆ 3.3 ಯೂನಿಟ್ ಎಂದೂ ಹಿಡಿದರೆ ಯೂನಿಟ್ಟಿಗೆ ಸುಮಾರು 27 ರೂಪಾಯಿ. ಸರಾಸರಿ 35 ಕಿಲೋವ್ಯಾಟ್ ಹೊರೆಗೆ ಗಂಟೆಗೆ 950ರಷ್ಟು. ಜನರೇಟರಿನ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ತೆರಿಗೆಗೊಳಪಟ್ಟ ಸರಕು ತಯಾರಿಸುವ ಘಟಕಗಳು ಬಂಡವಾಳ ಸರಕಿನ ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿರುವುದರಿಂದ ಅದರ ಮೇಲಿನ ತೆರಿಗೆ ಯಾರಿಗೂ ಮರಳಿ ಸಿಗದು, ಪೂರ್ತಿ ವೆಚ್ಚವೇ.

ದೊಡ್ಡದನ್ನು ಕೊಂಡರೆ ಮತ್ತೊಂದು ತೊಂದರೆ ಕಾದಿರುತ್ತದೆ. 125 ಕೆವಿಎ ಎಂದರೆ 100 ಕಿಲೋವ್ಯಾಟ್. ರಾತ್ರಿ ಪಾಳಿಯಲ್ಲಿ ಒಂದೇ ಯಂತ್ರ ಓಡಿ 12 ಕಿಲೋವ್ಯಾಟ್ ಹೊರೆ ಇದ್ದರೆ ಇಂಜಿನ್ನಿನ ಮೇಲೆ ಶೇಕಡಾ 12 ಮಾತ್ರ. ಶೇಕಡಾ 30ಕ್ಕಿಂತ ಕಡಿಮೆ ಹೊರೆಯಲ್ಲಿ ಬಹುಕಾಲ ಓಡಿದ ಡೀಸೆಲ್ ಇಂಜಿನ್ ಸರಿಯಾಗಿ ಕಾಯದೆ, ಡೀಸೆಲ್ ಪೂರ್ತಿ ಉರಿಯದೆ, ಹೊಗೆಕೊಳವೆಯಲ್ಲಿ ಮಸಿ ಮತ್ತು ಎಣ್ಣೆ ಕಟ್ಟಿಕೊಳ್ಳುತ್ತದೆ. ಲೀಟರಿಗೆ ಸಿಗುವ ಯೂನಿಟ್ಟೂ ಇಳಿಯುತ್ತದೆ.

ಹಾಗೆಂದು ಹೊಸ ಜನರೇಟರ್ ಎಂದಿಗೂ ಬೇಡವೆಂದಲ್ಲ. ಫೇಸುಗಳನ್ನು ಸಮಗೊಳಿಸಿದ ಮೇಲೂ, ಆರಂಭದ ಕ್ರಮ ಪಾಲಿಸಿದ ಮೇಲೂ ಮೂರೂ ಫೇಸುಗಳು ಮಿತಿ ಮೀರುತ್ತಿದ್ದರೆ ಅದು ನಿಜವಾದ ಓವರ್‌ಲೋಡ್. ವರ್ಷಕ್ಕೆ ಮೂರೂವರೆ ಲಕ್ಷ ಕಳೆದುಕೊಳ್ಳುವ ಘಟಕಕ್ಕೆ ವರ್ಷಕ್ಕೆ ಎರಡು ಲಕ್ಷದ ಹೊಣೆ ಭಾರವೇನಲ್ಲ. ಆಗಲೂ ಮೊದಲು ಎ.ಸಿ. ಮತ್ತು ಒಲೆಯಂತಹ, ಕಾಯಬಲ್ಲ ಹೊರೆಗಳನ್ನು ಜನರೇಟರಿನಿಂದ ಬೇರ್ಪಡಿಸಿ ನೋಡಬೇಕು. ಕಂಪ್ರೆಸರಿಗೆ ಸಾಫ್ಟ್ ಸ್ಟಾರ್ಟರ್ ಅಥವಾ ವೇಗ ನಿಯಂತ್ರಕ ಜೋಡಿಸಿದರೆ ಎಷ್ಟು ಉಳಿಯುತ್ತದೆಂದು ನೋಡಬೇಕು. ರಾತ್ರಿ ಪಾಳಿಗೆ ಸಣ್ಣದೊಂದು ಜನರೇಟರ್ ಸೇರಿಸುವುದು ಅಗ್ಗವೇ ಎಂದು ತೂಗಬೇಕು. 2023ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಾಲ್ಕು-ಪ್ಲಸ್ ಮಾನದಂಡದ ಜನರೇಟರುಗಳು ಹಿಂದಿನವುಗಳಿಗಿಂತ ದುಬಾರಿ. ಹಳೆಯ ಬೆಲೆಯ ನೆನಪಿನಲ್ಲಿ ಅಂದಾಜು ಹಾಕಬಾರದು. ಹೊಸ ಸ್ಥಾಪನೆಗೆ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಬೇಕೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಸಾಮರ್ಥ್ಯ ನಿರ್ಧರಿಸಲು ವಿದ್ಯುತ್ ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು ಹಲವರು ಆಧಾರವಾಗಿ ತೆಗೆದುಕೊಳ್ಳುತ್ತಾರೆ. ಅದು ಕೆಲವು ನಿಮಿಷಗಳ ಸರಾಸರಿ ಮಾತ್ರ. ಮೋಟಾರ್ ಏಳುವ ಕ್ಷಣದ ಪೆಟ್ಟು ಅದರಲ್ಲಿ ಕಾಣುವುದಿಲ್ಲ, ಯಾವ ಫೇಸಿನಲ್ಲಿ ಎಷ್ಟು ಎಂಬುದೂ ಕಾಣುವುದಿಲ್ಲ. ಅದಕ್ಕಿಂತ ಜನರೇಟರ್ ಕೋಣೆಯಲ್ಲಿ ತೂಗುಹಾಕಿದ ಒಂದು ನೋಟುಪುಸ್ತಕ ಹೆಚ್ಚು ಉಪಯುಕ್ತ. ದಿನಾಂಕ, ಚಾಲನೆಯ ಮತ್ತು ನಿಲುಗಡೆಯ ವೇಳೆ, ಗಂಟೆಮಾಪಕದ ಅಂಕಿ, ಮೂರು ಫೇಸುಗಳ ಆಂಪಿಯರ್, ಫ್ರೀಕ್ವೆನ್ಸಿ, ಹಾಕಿದ ಡೀಸೆಲ್, ನಿಂತಿದ್ದರೆ ಫಲಕದಲ್ಲಿ ಕಂಡ ಸೂಚನೆ ಮತ್ತು ಆ ಹೊತ್ತಿನಲ್ಲಿ ಓಡುತ್ತಿದ್ದ ಯಂತ್ರಗಳು. ಮೂರು ತಿಂಗಳ ಇಂತಹ ದಾಖಲೆಯನ್ನು ಮುಂದಿಟ್ಟುಕೊಂಡು ವಿತರಕರೊಡನೆ ಮಾತಿಗೆ ಕುಳಿತರೆ ದರಪಟ್ಟಿಯಲ್ಲಿ ಕೆವಿಎ ಅಂಕಿಯನ್ನು ಬರೆಯುವವರು ಮಾಲೀಕರೇ ಆಗಿರುತ್ತಾರೆ.